ಖಾಲಿ ತೀರವಲ್ಲ, ಅದು ಯಾರದೋ ಕಣ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಝಳಕಿ ನನ್ನ ಊರು. ಲಾರಿ ಚಾಲಕರಿಗೆ ಅದು ಚೆಕ್‌ಪೋಸ್ಟಿನ ಊರು. ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಭೀಮಾ ನದಿ, ನದಿ ದಾಟಿದರೆ ಮಹಾರಾಷ್ಟ್ರ. ಬಿಳಿಜೋಳ, ತೊಗರಿ, ಲಿಂಬೆ ಬೆಳೆಯುವ ಈ ಬಯಲಿನಲ್ಲಿ ಸಮುದ್ರದ ಮಾತು ಬರುವುದೇ ಅಪರೂಪ. ಆದರೆ ನಮ್ಮೂರಿನ ಮುಂದಿನ ರಸ್ತೆಗೆ ಒಂದು ವಿಚಿತ್ರ ಗುಣವಿದೆ. ಅದಕ್ಕೆ ಯಾವ ಸಂಖ್ಯೆ ಕೊಟ್ಟರೂ ಅದು ಹೋಗಿ ನಿಲ್ಲುವುದು ಸಮುದ್ರದ ಬಳಿಯೇ. ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 13. ಸೊಲ್ಲಾಪುರದಲ್ಲಿ ಹುಟ್ಟಿ, ಚಿತ್ರದುರ್ಗ, ಶಿವಮೊಗ್ಗಗಳನ್ನು ಹಾದು ಮಂಗಳೂರಿನಲ್ಲಿ ಮುಗಿಯುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಬದಲಾಯಿಸಿದ ಮೇಲೆ ಅದೇ ರಸ್ತೆ 52 ಆಯಿತು. ಈಗ ಅದು ಪಂಜಾಬಿನ ಸಂಗ್ರೂರಿನಿಂದ ಹೊರಟು, ನಮ್ಮೂರನ್ನು ದಾಟಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಘಟ್ಟ ಇಳಿದು ಅಂಕೋಲೆಯಲ್ಲಿ ಕೊನೆಗೊಳ್ಳುತ್ತದೆ.

ಮನೆಯ ಮುಂದಿನ ರಸ್ತೆ ಹೀಗೆ ಎರಡು ಸಲ ಸಮುದ್ರಕ್ಕೆ ದಾರಿ ತೋರಿಸಿದರೂ ನನ್ನ ತಾಯಿ ಅರವತ್ತೆಂಟು ವರ್ಷಗಳವರೆಗೆ ಸಮುದ್ರವನ್ನು ನೋಡಿರಲಿಲ್ಲ. ಪಂಢರಪುರ ಕಂಡಿದ್ದರು, ಶ್ರೀಶೈಲ ಕಂಡಿದ್ದರು. ಸಮುದ್ರ ಮಾತ್ರ ಕ್ಯಾಲೆಂಡರಿನ ಚಿತ್ರವಾಗಿಯೇ ಉಳಿದಿತ್ತು. ಬೆಂಗಳೂರಿನಲ್ಲಿ ನೌಕರಿ ಹಿಡಿದು, ವರ್ಷಕ್ಕೊಮ್ಮೆಯಾದರೂ ಕರಾವಳಿಗೆ ಹೋಗಿಬರುವ ನನಗೆ ಇದು ಬಹಳ ತಡವಾಗಿ ಹೊಳೆಯಿತು. 2023ರ ಡಿಸೆಂಬರ್ ಕೊನೆಯ ವಾರ ಅವರನ್ನು ಕರೆದುಕೊಂಡು ಗೋಕರ್ಣಕ್ಕೆ ಹೊರಟೆ.

ವರ್ಷಾಂತ್ಯದ ಗೋಕರ್ಣವನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಓಂ ಬೀಚಿಗೆ ಇಳಿಯುವ ರಸ್ತೆಯಲ್ಲಿ ವಾಹನಗಳ ಸಾಲು, ಮೆಟ್ಟಿಲುಗಳ ಮೇಲೆ ಜನರ ಸಾಲು, ಮರಳಿನ ಮೇಲೆ ಬಾಟಲಿಗಳ ಸಾಲು. ತಾಯಿ ಮೊದಲ ಬಾರಿಗೆ ನೋಡಿದ್ದು ಸಮುದ್ರವನ್ನಲ್ಲ, ಸಮುದ್ರಕ್ಕೆ ಬೆನ್ನು ಮಾಡಿ ಮೊಬೈಲಿನಲ್ಲಿ ತಮ್ಮ ಚಿತ್ರ ತೆಗೆದುಕೊಳ್ಳುತ್ತಿದ್ದ ಸಾವಿರಾರು ಜನರನ್ನು. ಸ್ವಲ್ಪ ಹೊತ್ತು ನಿಂತು, "ಜಾತ್ರಿ ನಮ್ಮೂರಾಗೂ ಆಗತೈತಲ್ಲ, ಇದಕ್ಕ ಇಷ್ಟ ದೂರ ಯಾಕ ಬಂದಿವಿ?" ಎಂದರು. ಉತ್ತರ ನನ್ನಲ್ಲಿರಲಿಲ್ಲ.

ಆಗ ಎಲ್ಲ ಮಧ್ಯಮ ವರ್ಗದವರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಜನರಿಲ್ಲದ, ಯಾರಿಗೂ ಗೊತ್ತಿಲ್ಲದ ತೀರ ಯಾವುದಾದರೂ ಇದೆಯೇ ಎಂದು ಸ್ನೇಹಿತರನ್ನು ವಿಚಾರಿಸಿದೆ. ಕರಾವಳಿಯವರೇ ಆದ ಒಬ್ಬರು ಹೊನ್ನಾವರ ತಾಲ್ಲೂಕಿನ ಒಂದು ಜಾಗವನ್ನು ಹೇಳಿದರು. ಮರುದಿನ ಬೆಳಿಗ್ಗೆ ಹೆದ್ದಾರಿ ಬಿಟ್ಟು, ತೆಂಗಿನ ತೋಟಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಸಾಗಿ, ಅದು ಮುಗಿದಲ್ಲಿ ಕಾರು ನಿಲ್ಲಿಸಿ, ಗಾಳಿಮರಗಳ ತೋಪು ದಾಟಿದೆವು. ಎದುರಿಗೆ ಅರ್ಧಚಂದ್ರಾಕಾರದ ತೀರ. ಒಂದೇ ಒಂದು ಅಂಗಡಿಯಿಲ್ಲ, ಪ್ರವಾಸಿಗರಿಲ್ಲ, ಎರಡು ದೋಣಿಗಳು ಮಾತ್ರ ಮರಳಿನ ಮೇಲೆ ಮಲಗಿದ್ದವು. ಕೊನೆಗೂ ಸಿಕ್ಕಿತು ಎಂಬ ಹೆಮ್ಮೆಯಿಂದ ಚಪ್ಪಲಿ ಹಾಕಿಕೊಂಡೇ ಮುಂದೆ ನಡೆದೆ.

ಹಿಂದಿನಿಂದ ತಾಯಿ ಗದರಿದರು: "ಏ, ಚಪ್ಪಲ್ ಬಿಡೊ! ಕಣದಾಗ ಯಾರಾದ್ರೂ ಚಪ್ಪಲ್ ಹಾಕ್ಕೊಂಡ ಹೋಗ್ತಾರೇನು?"

ನಾನು ನೋಡಿರಲಿಲ್ಲ. ಮರಳಿನ ಮೇಲೆ ಹತ್ತಾರು ಮಾರು ಉದ್ದಕ್ಕೆ ಹಳೆಯ ಬಲೆಗಳನ್ನು ಹಾಸಿ, ಅದರ ಮೇಲೆ ಸೀಗಡಿ ಮತ್ತು ಸಣ್ಣ ಮೀನುಗಳನ್ನು ಒಣಗಲು ಹರವಿದ್ದರು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಯಾರದೋ ಅನ್ನದ ಮೇಲೆ ಕಾಲಿಡುತ್ತಿದ್ದೆ. ಬಯಲುಸೀಮೆಯಲ್ಲಿ ಜೋಳ ತೂರುವ ಕಣಕ್ಕೆ ಯಾರೂ ಕಾಲಿನ ಕೆರ ಬಿಡದೆ ಇಳಿಯುವುದಿಲ್ಲ. ಜೀವಮಾನದಲ್ಲಿ ಎಂದೂ ಸಮುದ್ರ ಕಾಣದ ಹೆಂಗಸು ಒಂದೇ ನೋಟದಲ್ಲಿ ಗುರುತಿಸಿದ್ದನ್ನು, ವರ್ಷವರ್ಷವೂ ಕರಾವಳಿ ಸುತ್ತುವ ನಾನು ಗುರುತಿಸಿರಲಿಲ್ಲ.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಆ ವಾಸನೆಗೆ ತಾಯಿ ಮೂಗಿಗೆ ಸೆರಗು ಹಿಡಿಯಬಹುದು ಎಂದುಕೊಂಡಿದ್ದೆ. ಅವರು ಮೀನು ತಿರುವಿ ಹಾಕುತ್ತಿದ್ದ ಹೆಂಗಸಿನ ಬಳಿಗೆ ಹೋಗಿ ಕುಳಿತು, "ಎಷ್ಟು ದಿನಕ್ಕ ಒಣಗತಾವ ತಂಗಿ? ರಾತ್ರಿ ಕಾಯಾಕ ಯಾರ ಮಲಗತಾರ?" ಎಂದು ವಿಚಾರಿಸತೊಡಗಿದರು. ಬಿಸಿಲು ಚೆನ್ನಾಗಿದ್ದರೆ ಎರಡು ಮೂರು ದಿನ, ಮೋಡ ಕವಿದರೆ ಎಲ್ಲವನ್ನೂ ಬಾಚಿ ಒಳಗೆ ಹಾಕಬೇಕು, ನಾಯಿ ಮತ್ತು ಕಾಗೆಗಳ ಕಾಟ ಬೇರೆ ಎಂದು ಆಕೆ ಹೇಳಿದರು. ಮಳೆ, ದರ, ದಲ್ಲಾಳಿ ಇವುಗಳ ಬಗ್ಗೆ ಇಬ್ಬರ ಮಾತೂ ಒಂದೇ ಆಗಿತ್ತು. ನಾನು ಪ್ಯಾಂಟು ಮಡಚಿ ನೀರಿನ ಕಡೆಗೆ ಹೊರಟಾಗ ಆಕೆ ಕೂಗಿ ಹೇಳಿದರು: "ಅಲ್ಲಿ ಇಳೀಬ್ಯಾಡಿ. ಆ ಬಂಡೆ ಹತ್ರ ಎಳ್ಕಂಡ್ ಹೋಗ್ತದೆ."

ಅಲ್ಲಿ ನೀರು ಅತ್ಯಂತ ಶಾಂತವಾಗಿತ್ತು. ಶಾಂತವಾಗಿದೆ ಎಂಬ ಕಾರಣಕ್ಕೇ ನಾನು ಆ ಜಾಗವನ್ನು ಆರಿಸಿಕೊಂಡಿದ್ದೆ.

ಆ ಬೆಳಗಿನ ಈ ಎರಡು ಮಾತುಗಳು, ಒಂದು ನನ್ನ ತಾಯಿಯದು, ಇನ್ನೊಂದು ಆ ಹೆಂಗಸಿನದು, ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಾವು 'ಯಾರಿಗೂ ಗೊತ್ತಿಲ್ಲದ ತೀರ' ಎಂದು ಕರೆಯುವುದು ನಮಗೆ ಗೊತ್ತಿಲ್ಲದ ತೀರವನ್ನು, ಅಷ್ಟೆ. ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಯಾರಿಗೂ ಗೊತ್ತಿಲ್ಲದ ಮರಳಿನ ತುಂಡು ಇರಲಿಕ್ಕಿಲ್ಲ. ಹೆಸರುಗಳೇ ಅದಕ್ಕೆ ಸಾಕ್ಷಿ. ಕಾರವಾರದ ಮಾಜಾಳಿಯಿಂದ ಗುಡ್ಡ ಹತ್ತಿ ಇಳಿದರೆ ಕಪ್ಪು ಮರಳಿನ ಒಂದು ಪುಟ್ಟ ತೀರ ಸಿಗುತ್ತದೆ. ಅದರ ಹೆಸರು ತಿಳ್ಮಾತಿ. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಆ ಮರಳನ್ನು ಕೈಯಲ್ಲಿ ಹಿಡಿದು ಎಳ್ಳನ್ನು ನೆನೆದವರು ನಮ್ಮ ಪ್ರವಾಸಿ ಬರಹಗಾರರಿಗಿಂತ ಎಷ್ಟೋ ತಲೆಮಾರು ಹಿಂದಿನವರು. ಗೋಕರ್ಣದ ದಕ್ಷಿಣದ ತೀರಗಳಿಗೆ 'ಹಾಫ್ ಮೂನ್', 'ಪ್ಯಾರಡೈಸ್' ಎಂದು ಹೆಸರಿಟ್ಟವರು ಹೊರಗಿನಿಂದ ಬಂದವರು. ಹೆಸರು ಬದಲಾದಾಗ ಒಡೆತನದ ಭಾವವೂ ಬದಲಾಗುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ.

ತೀರವೆಂಬುದು ಕರಾವಳಿಯ ಜನರಿಗೆ ವಿಹಾರದ ಜಾಗವಾಗುವ ಮೊದಲು ದುಡಿಮೆಯ ಜಾಗ. ರಂಪಣಿ ಬಲೆಯ ಕಾಲವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧವೃತ್ತಾಕಾರವಾಗಿ ಬಲೆ ಬಿಟ್ಟು, ಅದರ ಎರಡೂ ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಒಟ್ಟಾಗಿ ಎಳೆಯುತ್ತಿದ್ದರು. ಬಂದ ಮೀನು ಎಲ್ಲರಿಗೂ ಪಾಲಾಗುತ್ತಿತ್ತು. ಬಲೆ ಎಳೆಯಲು ಉದ್ದನೆಯ, ಅಡೆತಡೆಯಿಲ್ಲದ ಮರಳು ಬೇಕಿತ್ತು. ತೀರ ಖಾಲಿಯಾಗಿರುವುದೇ ಆ ವೃತ್ತಿಯ ಅಗತ್ಯವಾಗಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ದೋಣಿಗಳು ಹೆಚ್ಚಿದ ಮೇಲೆ ರಂಪಣಿ ಹಿಂದೆ ಸರಿಯಿತು. ಆದರೆ ದೋಣಿ ಎಳೆದಿಡಲು, ಬಲೆ ಹೆಣೆಯಲು, ಮೀನು ಒಣಗಿಸಲು ಇಂದಿಗೂ ತೀರವೇ ಬೇಕು. ಹೀಗಾಗಿ ನಾವು ಖಾಲಿ ಎಂದು ತಿಳಿಯುವ ತೀರ ಸುಗ್ಗಿಗೆ ಮೊದಲಿನ ಕಣದ ಹಾಗೆ. ಕಣವೂ ವರ್ಷದಲ್ಲಿ ಹಲವು ತಿಂಗಳು ಖಾಲಿಯಾಗಿಯೇ ಇರುತ್ತದೆ. ಖಾಲಿಯಿದೆ ಎಂದು ಅದರಲ್ಲಿ ಯಾರೂ ಮನೆ ಕಟ್ಟುವುದಿಲ್ಲ.

ಏಕಾಂತದ ತೀರಗಳನ್ನು ಹುಡುಕುವ ಈ ಹವ್ಯಾಸಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಅದರ ಹಾದಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಬಹುದು. 1960ರ ದಶಕದ ಕೊನೆಯಲ್ಲಿ ಪಾಶ್ಚಾತ್ಯ ಯುವಜನ ಗೋವಾದ ಕಲಂಗೂಟ್, ಅಂಜುನಾಗಳಿಗೆ ಬಂದರು. ಅಲ್ಲಿ ಜನ ಹೆಚ್ಚಿದಾಗ ದಕ್ಷಿಣದ ಪಾಲೊಲೆಂ ಕಡೆಗೆ ಸರಿದರು. ಅಲ್ಲಿಯೂ ಗದ್ದಲವಾದಾಗ ಗಡಿ ದಾಟಿ ಗೋಕರ್ಣದ ಕುಡ್ಲೆ, ಓಂ ತೀರಗಳಿಗೆ ಬಂದರು. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡು ದಾರಿ ಸುಲಭವಾಯಿತು. ಬೆಂಗಳೂರಿನ ಐಟಿ ಉದ್ಯೋಗಿಗಳು ಶುಕ್ರವಾರ ರಾತ್ರಿಯ ಬಸ್ಸು ಹತ್ತತೊಡಗಿದರು. ಓಂ ತುಂಬಿದಾಗ ಹಾಫ್ ಮೂನ್, ಅದೂ ತುಂಬಿದಾಗ ಕಾಲುದಾರಿಯಲ್ಲಿ ಅಥವಾ ದೋಣಿಯಲ್ಲಿ ಮಾತ್ರ ತಲುಪಬಹುದಾದ ಪ್ಯಾರಡೈಸ್. ಈಗ ಕುಮಟಾ, ಹೊನ್ನಾವರ, ಬೈಂದೂರುಗಳ ಸರದಿ. ಏಕಾಂತವನ್ನು ಹುಡುಕುವವನೇ ಅದರ ದಾರಿಯನ್ನು ಜಗತ್ತಿಗೆ ತೋರಿಸಿ, ಮುಂದಿನ ವರ್ಷ ಇಲ್ಲಿ ಜನ ಹೆಚ್ಚಾದರು ಎಂದು ಗೊಣಗುತ್ತ ಮುಂದಕ್ಕೆ ಹೋಗುತ್ತಾನೆ. ಹಿಂದೆ ಉಳಿಯುವವರು ಊರಿನವರು ಮತ್ತು ಕಸ.

ಥಾಯ್ಲೆಂಡಿನ ಮಾಯಾ ಕೊಲ್ಲಿಯ ಕಥೆ ಇದಕ್ಕೆ ಕನ್ನಡಿ ಹಿಡಿದಂತಿದೆ. ಯಾರಿಗೂ ತಿಳಿಯದ ತೀರವೊಂದನ್ನು ಹುಡುಕಿ ಹೊರಟವರ ಕಥೆಯುಳ್ಳ 'ದ ಬೀಚ್' ಎಂಬ ಹಾಲಿವುಡ್ ಚಿತ್ರ 2000ದಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದ ಆ ಪುಟ್ಟ ಕೊಲ್ಲಿಗೆ ದಿನಕ್ಕೆ ಸಾವಿರಾರು ಜನ ದೋಣಿಗಳಲ್ಲಿ ಬಂದಿಳಿಯತೊಡಗಿದರು. ಲಂಗರುಗಳ ಪೆಟ್ಟಿಗೆ ಹವಳದ ದಿಬ್ಬಗಳು ನಾಶವಾದವು. ಕೊನೆಗೆ 2018ರ ಜೂನಿನಲ್ಲಿ ಸರ್ಕಾರ ಅದನ್ನು ಪೂರ್ತಿಯಾಗಿ ಮುಚ್ಚಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ಜನರ ಸಂಖ್ಯೆಗೆ ಮಿತಿ ಹಾಕಿ, ದೋಣಿಗಳು ಕೊಲ್ಲಿಯೊಳಗೆ ಬರದಂತೆ ತಡೆಯಬೇಕಾಯಿತು.

ಇನ್ನು ಆ ಹೆಂಗಸಿನ ಮಾತಿಗೆ ಬರುತ್ತೇನೆ. ಅದರ ಪೂರ್ಣ ಅರ್ಥ ನನಗೆ ತಿಳಿದದ್ದು ಸರಿಯಾಗಿ ಒಂದು ವರ್ಷದ ಬಳಿಕ. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಸಮುದ್ರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು. ಕೋಲಾರವೂ ನಮ್ಮ ವಿಜಯಪುರದಂತೆಯೇ ಸಮುದ್ರವಿಲ್ಲದ, ನೀರಿಗೆ ಹಾತೊರೆಯುವ ಸೀಮೆ. ಆ ಬಳಿಕ ಕೆಲಕಾಲ ಆ ತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಮುರುಡೇಶ್ವರ ನಾಡಿಗೆಲ್ಲ ಗೊತ್ತಿರುವ, ದಿನವೂ ಜನ ಸೇರುವ ಜಾಗ. ಅಲ್ಲಿಯೇ ಹೀಗಾಗುವುದಾದರೆ, ಕೂಗಿದರೆ ಕೇಳುವವರೂ ಇಲ್ಲದ 'ಅಜ್ಞಾತ' ತೀರಗಳಲ್ಲಿ ಏನಾಗಬಹುದು?

ಬಯಲುನಾಡಿನ ನಮಗೆ ನೀರಿನ ಭಾಷೆ ಕಲಿಸಿದ್ದು ಕೆರೆ, ಬಾವಿ, ಹೊಳೆಗಳು. ಅಲ್ಲಿ ಅಲುಗಾಡದ ನೀರನ್ನು ನಂಬುವುದು ರೂಢಿ. ಸಮುದ್ರದಲ್ಲಿ ಈ ಪಾಠ ತಲೆಕೆಳಗಾಗುತ್ತದೆ. ಅಲೆಗಳು ದಡಕ್ಕೆ ತಂದು ಸುರಿಯುವ ನೀರು ಹೇಗಾದರೂ ಹಿಂದಿರುಗಲೇಬೇಕು. ಮರಳದಿಬ್ಬಗಳ ನಡುವಿನ ತಗ್ಗಿನಲ್ಲಿ, ಬಂಡೆಗಳ ಪಕ್ಕದಲ್ಲಿ ಅದು ಒಟ್ಟುಗೂಡಿ ಕಾಲುವೆಯಂತೆ ರಭಸವಾಗಿ ಸಮುದ್ರದ ಕಡೆಗೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ, ನೊರೆ ಕಾಣುವುದಿಲ್ಲ. ಎರಡೂ ಬದಿಯಲ್ಲಿ ಅಲೆ ಅಬ್ಬರಿಸುತ್ತಿದ್ದರೆ ನಡುವಿನ ಆ ಪಟ್ಟಿ ಮಾತ್ರ ಸ್ತಬ್ಧವಾಗಿ ತೋರುತ್ತದೆ. ಸಮುದ್ರ ತಿಳಿಯದವನು ಇಳಿಯುವುದು ಅಲ್ಲಿಯೇ. ಸೆಳೆತಕ್ಕೆ ಸಿಕ್ಕವನು ಗಾಬರಿಯಿಂದ ದಡದ ಕಡೆಗೆ ನೇರವಾಗಿ ಈಜಲು ಹೋಗಿ ಸೋಲುತ್ತಾನೆ. ಅದರ ವಿರುದ್ಧ ಹೋರಾಡದೆ ತೇಲಿಕೊಂಡಿದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವನಿಗೆ ಈ ಉಪಾಯವೂ ಇಲ್ಲ. ಅವನು ನೀರಿಗೆ ಇಳಿಯದಿರುವುದೇ ಲೇಸು. ಕರಾವಳಿಯ ಮಗುವಿಗೆ ಗೊತ್ತಿರುವ ಈ ಸಂಗತಿಯನ್ನು ನಮ್ಮ ಒಳನಾಡಿನ ಯಾವ ಪಠ್ಯಪುಸ್ತಕದಲ್ಲಿಯೂ ನಾನು ಓದಿದ ನೆನಪಿಲ್ಲ.

ಖಾಲಿ ತೀರದಲ್ಲಿ ಮನುಷ್ಯರಲ್ಲದವರ ಬಾಳುವೆಯೂ ನಡೆದಿರುತ್ತದೆ. ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ಹಲವು ತೀರಗಳಿಗೆ ಬಂದು ಮರಳು ತೋಡಿ ಮೊಟ್ಟೆಯಿಟ್ಟು ಹೋಗುತ್ತವೆ. ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬಂದು, ರಾತ್ರಿಯ ಸಮುದ್ರದ ಮಂದ ಬೆಳಕನ್ನು ಗುರುತಾಗಿಟ್ಟುಕೊಂಡು ನೀರಿಗೆ ಸಾಗುತ್ತವೆ. ದಡದಲ್ಲಿ ರೆಸಾರ್ಟಿನ ದೀಪವಿದ್ದರೆ ದಿಕ್ಕು ತಪ್ಪಿ ಅದರ ಕಡೆಗೇ ತೆವಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲಿಯೇ, ಸ್ಥಾನ ಪಡೆದಿರುವ ಜೀವಿ ಇದು. ಅದರ ಗೂಡನ್ನು ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸಿ, ಬಲೆ ಕಟ್ಟಿ ಕಾಯುವವರಲ್ಲಿ ಮೀನುಗಾರರು ಮುಂಚೂಣಿಯಲ್ಲಿದ್ದಾರೆ. ಜನರಿಲ್ಲದ ತೀರವೆಂದು ರಾತ್ರಿ ಬೆಂಕಿ ಹಾಕಿ, ಗುಡಾರ ಹೂಡಿ, ಹಾಡು ಹಚ್ಚುವ ನಮ್ಮ ತರುಣರಿಗೆ ಕಾಲಡಿಯಲ್ಲಿ ಏನಿದೆಯೆಂದು ಹೇಳುವವರು ಯಾರು?

ಹೊನ್ನಾವರದ ಬಳಿಯ ಕಾಸರಕೋಡಿಗೆ ಹೋದವರು ಒಂದೇ ಊರಿನಲ್ಲಿ ಎರಡು ಬಗೆಯ ತೀರಗಳನ್ನು ಕಾಣಬಹುದು. ಒಂದು ಕಡೆ 2020ರಲ್ಲಿ ಪಡುಬಿದ್ರಿಯೊಂದಿಗೆ 'ಬ್ಲೂ ಫ್ಲ್ಯಾಗ್' ಮಾನ್ಯತೆ ಪಡೆದ ಇಕೋ ಬೀಚ್. ಶೌಚಾಲಯ, ಸ್ನಾನಗೃಹ, ಸ್ವಚ್ಛ ಮರಳು, ಕಾವಲು ಎಲ್ಲವೂ ಇರುವ ವ್ಯವಸ್ಥಿತ ಜಾಗ. ಇನ್ನೊಂದು ಕಡೆ ಶರಾವತಿ ಸಮುದ್ರ ಸೇರುವ ಅಳಿವೆಯ ಬಳಿಯ ಟೊಂಕ. ಅಲ್ಲಿ ಮಹಿಳೆಯರು ಮೀನು ಒಣಗಿಸುತ್ತಾರೆ, ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅದೇ ಟೊಂಕದಲ್ಲಿ ಖಾಸಗಿ ಬಂದರು ಮತ್ತು ಅದರ ರಸ್ತೆ ಬರುವುದನ್ನು ವಿರೋಧಿಸಿ ಮೀನುಗಾರ ಕುಟುಂಬಗಳು ವರ್ಷಗಟ್ಟಲೆ ಹೋರಾಡುತ್ತ ಬಂದಿವೆ. ಕಾರವಾರದಲ್ಲಿಯೂ 2020ರ ಜನವರಿಯಲ್ಲಿ, ಬಂದರು ವಿಸ್ತರಣೆಯಿಂದ ರವೀಂದ್ರನಾಥ ಟ್ಯಾಗೋರ್ ತೀರಕ್ಕೆ ಧಕ್ಕೆಯಾಗುತ್ತದೆ ಎಂದು ಮೀನುಗಾರರು ಬೀದಿಗಿಳಿದರು. ವಿಷಯ ಹೈಕೋರ್ಟಿಗೂ ಹೋಯಿತು. ಅವರ ಆತಂಕಕ್ಕೆ ಹಿನ್ನೆಲೆಯಿದೆ. 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರಲ್ಲಿ ಐಎನ್ಎಸ್ ಕದಂಬ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆಗಳ ನಡುವಿನ ಹಲವು ತೀರಗಳನ್ನೂ ಹಳ್ಳಿಗಳನ್ನೂ ಅವರು ಆಗಲೇ ಬಿಟ್ಟುಕೊಟ್ಟಿದ್ದಾರೆ. ದೇಶದ ರಕ್ಷಣೆಗೆ ನೆಲೆ ಬೇಕು, ವ್ಯಾಪಾರಕ್ಕೆ ಬಂದರೂ ಬೇಕಾಗಬಹುದು. ಆದರೆ ಬಂದರು ಕಟ್ಟುವವರು, ರೆಸಾರ್ಟ್ ಕಟ್ಟುವವರು, ಏಕಾಂತ ಹುಡುಕುವ ನಾವು ಎಲ್ಲರೂ ಬಳಸುವ ವಾದ ಒಂದೇ: ಅಲ್ಲಿ ಏನೂ ಇಲ್ಲ, ಖಾಲಿ ಬಿದ್ದಿದೆ.

ಈ ವಾದದ ಫಲವನ್ನು ಬಯಲುಸೀಮೆಯವರಾದ ನಾವೂ ಉಂಡಿದ್ದೇವೆ. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಭೀಮೆಯ ಪಾತ್ರದ ತುಂಬ ಉಸುಕು. ನಮಗೆ ಗೊತ್ತಿದ್ದ ಬೀಚ್ ಅದೊಂದೇ. ಉಸುಕಿನಲ್ಲಿ ಮೊಣಕಾಲುದ್ದ ತೋಡಿದರೆ ತಿಳಿನೀರು ಬರುತ್ತಿತ್ತು. ಯಾರದೂ ಅಲ್ಲವೆಂದು ಎಲ್ಲರೂ ತಿಳಿದಿದ್ದ ಆ ಉಸುಕು ಕೊನೆಗೆ ಲಾರಿಗಳ ಪಾಲಾಯಿತು. ಈಗ ಅಲ್ಲಲ್ಲಿ ಹೊಂಡಗಳಿವೆ, ಕಲ್ಲಿದೆ, ಜಾಲಿಯಿದೆ. ಅತ್ತ ಕೃಷ್ಣೆಯ ದಡದಲ್ಲಿ, ಆಲಮಟ್ಟಿಯ ಹಿನ್ನೀರನ್ನು ನೋಡಲು ಬರುವವರು ಸಮುದ್ರದಂತಿದೆ ಎಂದು ಬೆರಗಾಗುತ್ತಾರೆ. ಆ ನೀರಿನ ಕೆಳಗೆ ಹೊಲಗಳಿವೆ, ಊರುಗಳಿವೆ, ಹಳೆಯ ಬಾಗಲಕೋಟೆಯ ಬೀದಿಗಳಿವೆ. ನೋಟ ಸುಂದರವಾಗಿರುವಾಗ ಅದಕ್ಕೆ ತೆತ್ತವರು ಯಾರೆಂದು ಕೇಳುವುದು ಅರಸಿಕತನವಲ್ಲ.

ಹಾಗಾದರೆ ಯಾರೂ ಹೋಗಬಾರದೇ? ನೀವು ನೋಡಿ ಬಂದ ಮೇಲೆ ಉಳಿದವರಿಗೆ ಬಾಗಿಲು ಹಾಕುವುದು ಯಾವ ನ್ಯಾಯ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಸಮುದ್ರ ಕರಾವಳಿಯವರಿಗೆ ಮಾತ್ರ ಸೇರಿದ್ದಲ್ಲ. ಅರವತ್ತೆಂಟು ವರ್ಷ ಕಾದ ನನ್ನ ತಾಯಿಗೂ ಅದರ ಮೇಲೆ ಹಕ್ಕಿದೆ. ಪ್ರವಾಸಿಗರು ಬಂದರೆ ಒಂದು ಹೋಮ್‌ಸ್ಟೇ ನಡೆಯುತ್ತದೆ, ಮೀನಿಲ್ಲದ ದಿನ ದೋಣಿಯವನಿಗೆ ನಾಲ್ಕು ಕಾಸು ಸಿಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಇನ್ನೊಂದು ವರಮಾನ ಯಾರಿಗೆ ಬೇಡ? ಎಲ್ಲರೂ ಗೋಕರ್ಣ ಮತ್ತು ಮುರುಡೇಶ್ವರಗಳಿಗೇ ಮುಗಿಬೀಳುವುದಕ್ಕಿಂತ ಜನ ಹಲವೆಡೆ ಹಂಚಿಹೋಗುವುದು ಒಳ್ಳೆಯದೆಂಬ ಮಾತಿನಲ್ಲಿಯೂ ಅರ್ಥವಿದೆ. ನನ್ನ ತಕರಾರು ಹೋಗುವುದರ ಬಗ್ಗೆ ಅಲ್ಲ, ಕೇಳದೆ ಹೋಗುವುದರ ಬಗ್ಗೆ.

ಕೇಳುವುದು ಎಂದರೆ ಬರೀ ಸೌಜನ್ಯದ ಮಾತಲ್ಲ. ಅದನ್ನು ವ್ಯವಸ್ಥೆಯಾಗಿ ರೂಪಿಸಲು ಸಾಧ್ಯವಿದೆ. ಮೊದಲನೆಯದಾಗಿ, 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿಯೇ ಮೀನುಗಾರರ ಹಳ್ಳಿಗಳು, ಅವರ ಸಾಮುದಾಯಿಕ ಆಸ್ತಿಗಳು, ಮೀನು ಒಣಗಿಸುವ ಜಾಗಗಳು ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಕಾಣಬೇಕೆಂಬ ನಿಯಮವಿತ್ತು. ಪ್ರವಾಸೋದ್ಯಮ ಇಲಾಖೆ ಯಾವುದೇ ತೀರವನ್ನು ಜಾಹೀರಾತಿಗೆ ಹಾಕುವ ಮೊದಲು ಅಂಥ ನಕ್ಷೆಯನ್ನು ಬಿಡಿಸಿ ನೋಡಲಿ, ಗ್ರಾಮಸಭೆಯ ಮುಂದಿಡಲಿ. 2019ರ ಹೊಸ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ವಲಯವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿ, ತೀರಗಳಲ್ಲಿ ತಾತ್ಕಾಲಿಕ ಪ್ರವಾಸಿ ಸೌಲಭ್ಯಗಳಿಗೂ ದಾರಿ ಮಾಡಿರುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ. ಎರಡನೆಯದಾಗಿ, ಜೀವರಕ್ಷಕರಿಲ್ಲದ ತೀರದಲ್ಲಿ ಸ್ನಾನಕ್ಕೆ ಇಳಿಯಬಾರದೆಂದೂ ಸೆಳೆತ ಎಲ್ಲಿದೆಯೆಂದೂ ತಿಳಿಸುವ ಕನ್ನಡದ ಫಲಕವಾದರೂ ಇರಲಿ. ಅದನ್ನು ಬರೆಸುವಾಗ ಆ ಊರಿನ ಮೀನುಗಾರರನ್ನೇ ಕೇಳಲಿ. ಜೀವರಕ್ಷಕರನ್ನು ನೇಮಿಸುವುದಾದರೆ ಮೊದಲ ಆದ್ಯತೆ ಅವರ ಮಕ್ಕಳಿಗೆ ಸಿಗಲಿ. ಮೂರನೆಯದಾಗಿ, ಒಳನಾಡಿನ ಶಾಲೆಗಳು ಮಕ್ಕಳನ್ನು ಕರಾವಳಿಗೆ ಕರೆದೊಯ್ಯುವ ಮೊದಲು ಒಂದು ತರಗತಿಯನ್ನು ಸಮುದ್ರದ ಪಾಠಕ್ಕೆ ಮೀಸಲಿಡಲಿ. ನಾಲ್ಕು ಮಕ್ಕಳ ಸಾವಿನ ಬಳಿಕವೂ ಈ ಒಂದು ಗಂಟೆ ನಮಗೆ ಸಿಗದಿದ್ದರೆ ಹೇಗೆ?

ಉಳಿದದ್ದು ನಮ್ಮಂಥವರ ನಡತೆಗೆ ಬಿಟ್ಟದ್ದು. ಒಂದು ಸಣ್ಣ ತೀರವನ್ನು ಕಂಡ ಕೂಡಲೇ ಅದರ ಹೆಸರು, ದಾರಿ, ಚಿತ್ರಗಳನ್ನು ಊರಿಗೆಲ್ಲ ಸಾರುವ ಚಟವನ್ನು ನಾವು ಬಿಡಬಹುದು. ಆ ಊರಿನ ಅಂಗಡಿಯಲ್ಲಿ ಚಹಾ ಕುಡಿದು, ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ವಿಚಾರಿಸಬಹುದು. ನೆಂಟರ ಮನೆಗೆ ಹೋದಾಗ ಹಿತ್ತಲಿಗೆ ನುಗ್ಗುವ ಮೊದಲು ಒಂದು ಮಾತು ಕೇಳುತ್ತೇವಲ್ಲ, ಅಷ್ಟು ಸಾಕು.

ಆ ದಿನ ಮಧ್ಯಾಹ್ನದವರೆಗೂ ನಾವು ಅಲ್ಲಿಯೇ ಇದ್ದೆವು. ಆ ಹೆಂಗಸು ತೋರಿಸಿದ ಕಡೆ, ಮರಳು ಮೆಲ್ಲನೆ ಇಳಿಜಾರಾಗಿದ್ದಲ್ಲಿ, ತಾಯಿ ಕಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಅಲೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋದಾಗಲೆಲ್ಲ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ನಗುತ್ತಿದ್ದರು. ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿ, ನಿಜವಾಗಿಯೂ ಉಪ್ಪು ಎಂದು ಖಚಿತಪಡಿಸಿಕೊಂಡರು. ಹೊರಡುವಾಗ ಬುತ್ತಿಯಲ್ಲಿದ್ದ ಎರಡು ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ಆಕೆಗೆ ಕೊಟ್ಟರು. ಆಕೆ ಪ್ರತಿಯಾಗಿ ಒಣಮೀನು ಕೊಡಲು ಬಂದು, ನಾವು ತಿನ್ನುವುದಿಲ್ಲವೆಂದು ತಿಳಿದು, ಮನೆಯಿಂದ ಒಂದು ತೆಂಗಿನಕಾಯಿ ತಂದುಕೊಟ್ಟರು.

ಝಳಕಿಗೆ ಮರಳಿದ ಮೇಲೆ ಓಣಿಯ ಹೆಂಗಸರು ಸಮುದ್ರ ಹೇಗಿತ್ತು ಎಂದು ಕೇಳಿದರಂತೆ. ತಾಯಿ ಅಲೆಗಳ ವಿಷಯವನ್ನೂ, ಉಪ್ಪುನೀರಿನ ವಿಷಯವನ್ನೂ ಹೇಳಿ, "ಅವರದೂ ನಮ್ಮಂಗ ಕಣ ಐತಿ, ಮೋಡ ಆದ್ರ ಅವರಿಗೂ ಚಿಂತಿ" ಎಂದರಂತೆ. ಈ ಲೇಖನ ಓದಿದ ಯಾರಾದರೂ ಆ ತೀರದ ಹೆಸರು ಕೇಳಬಹುದು. ನಾನು ಹೇಳುವುದಿಲ್ಲ. ಹೊನ್ನಾವರದಲ್ಲಿ ಇಳಿದು ಅಲ್ಲಿಯವರನ್ನೇ ಕೇಳಿ. ಹೋಗಬಹುದಾದ ತೀರವನ್ನೂ ಇಳಿಯಬಹುದಾದ ಜಾಗವನ್ನೂ ಅವರೇ ತೋರಿಸುತ್ತಾರೆ. ಮರಳಿಗೆ ಕಾಲಿಡುವ ಮೊದಲು ಚಪ್ಪಲಿ ಬಿಡುವುದನ್ನು ಮರೆಯಬೇಡಿ.